ಶನಿವಾರದ ಮೂರು ಬಾಟಲಿ

ಹುಬ್ಬಳ್ಳಿಯವರ ಹತ್ತಿರ ಆಟೋಕ್ಲೇವ್ ಇರಲಿಲ್ಲ. ನಮ್ಮ ಹತ್ತಿರ ನೀರಿರಲಿಲ್ಲ. ಎರಡು ಕಾಲೇಜಿನ ಹುಡುಗರು ಕೂಡಿ ಕೆಲಸ ಮಾಡಲು ಕಾರಣವಾದದ್ದು ಇಷ್ಟೇ. ವರದಿಯ ಮೊದಲ ಪುಟದಲ್ಲಿ ‘ಜ್ಞಾನದ ವಿನಿಮಯ’ ಎಂದೆಲ್ಲ ಇರುವುದು ಆಮೇಲೆ ಟೈಪ್ ಮಾಡುವಾಗ ಸೇರಿಸಿದ್ದು.

ಆಟೋಕ್ಲೇವ್ ಅಂದರೆ ಸೊಂಟದೆತ್ತರದ ಪ್ರೆಶರ್ ಕುಕ್ಕರ್. ಅದರೊಳಗೆ ಇಟ್ಟು ತೆಗೆದ ಬಾಟಲಿಯಲ್ಲಿ ಒಂದು ಸೂಕ್ಷ್ಮಜೀವಿಯೂ ಬದುಕಿರುವುದಿಲ್ಲ. ಧಾರವಾಡದ ನಮ್ಮ ವಿಜ್ಞಾನ ಕಾಲೇಜಿನ ಬಯೋಟೆಕ್ನಾಲಜಿ ವಿಭಾಗದಲ್ಲಿ ಅಂಥದ್ದು ಒಂದಿತ್ತು. ಆದರೆ ಅದು 2008ನೇ ಇಸವಿ. ನಳ ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ವಿಭಾಗದ ಮೂಲೆಯಲ್ಲಿದ್ದ ನೀಲಿ ಡ್ರಮ್ಮನ್ನು ಅಟೆಂಡರ್ ಮೈಲಾರಲಿಂಗಪ್ಪ ಬ್ಯಾಂಕಿನ ಲಾಕರಿನ ಹಾಗೆ ಕಾಯುತ್ತಿದ್ದರು. ಕೈ ತೊಳೆಯಲು ಒಂದು ತಂಬಿಗೆ ಸಿಗುತ್ತಿತ್ತು. ಬಾಟಲಿ ತೊಳೆಯಲು ಕೇಳಿದರೆ, “ಇಲ್ಲಪಾ ತಮ್ಮಾ, ಶುಕ್ರವಾರ ನಳಾ ಬರಲಿ” ಎನ್ನುತ್ತಿದ್ದರು. ಅದು ಯಾವ ಶುಕ್ರವಾರ ಎಂದು ಅವರೂ ಹೇಳುತ್ತಿರಲಿಲ್ಲ.

ಪ್ರಾಜೆಕ್ಟ್ ವಿದ್ಯಾಳದು. ನಾನು ಜೊತೆಗಿದ್ದವನು. ಅಂತಿಮ ವರ್ಷದಲ್ಲಿ ಪ್ರಾಜೆಕ್ಟ್‌ಗೆ ನೂರು ಅಂಕ. ಎಲ್ಲರೂ ಅಣಬೆ ಬೆಳೆಸುತ್ತಿದ್ದರು. ಹೊಟ್ಟು, ಪ್ಲಾಸ್ಟಿಕ್ ಚೀಲ, ಮೂರು ವಾರ, ಎಂಬತ್ತು ಅಂಕ. ನಮ್ಮ ಸರ್ ವಿದ್ಯಾಗೂ ಅದನ್ನೇ ಹೇಳಿದರು. ಅವಳು ಕೇಳಲಿಲ್ಲ. ಬೆಂಗಳೂರಿನಲ್ಲಿ ಸಿಂಥೆಟಿಕ್ ಬಯಾಲಜಿಯ ವಿದ್ಯಾರ್ಥಿ ಸ್ಪರ್ಧೆಯೊಂದು ನಡೆಯುತ್ತಿದೆ ಎಂದು ಹಾಸ್ಟೆಲ್ ಲೈಬ್ರರಿಯ ಹಳೇ ಪೇಪರಿನಲ್ಲಿ ನಾನು ಓದಿ ಹೇಳಿದ್ದೆ. ಅದೇ ನನ್ನ ತಪ್ಪು. ಮರುದಿನ ಅವಳು ಅಣಬೆಯ ಅರ್ಜಿ ವಾಪಸ್ ತೆಗೆದುಕೊಂಡಳು.

“ಆಗಲಿಲ್ಲಂದ್ರ ಸೊನ್ನಿ ಕೊಡ್ತೇನಿ ನೋಡು” ಎಂದರು ಸರ್.

“ಕೊಡ್ರಿ ಸರ್” ಎಂದಳು.

ಸರ್ ತಮಾಷೆ ಮಾಡುವವರಾಗಿರಲಿಲ್ಲ. ವಿದ್ಯಾಳೂ ಅಲ್ಲ.

ಕೆಲಸ ಕೇಳಲು ದೊಡ್ಡದು, ನೋಡಲು ಸಣ್ಣದು. ಸಮುದ್ರದಲ್ಲಿ ಹವಳದಂಥ ಒಂದು ಜೀವಿ ಇದೆ, ಅದರ ಮೈ ಕೆಂಪು. ಆ ಕೆಂಪು ಬಣ್ಣ ಮಾಡುವ ಜೀನ್ ಅನ್ನು ಬೇರ್ಪಡಿಸಿ, ಅದಕ್ಕೊಂದು ಸ್ವಿಚ್ ಜೋಡಿಸಿ, ಸಾಧಾರಣ ಬ್ಯಾಕ್ಟೀರಿಯಾದೊಳಗೆ ಸೇರಿಸುವುದು. ಸ್ವಿಚ್ ಎಂಥದ್ದೆಂದರೆ, ಹಾಲಿನಲ್ಲಿರುವ ಸಕ್ಕರೆ ಸಿಕ್ಕಾಗ ಮಾತ್ರ ಹೊತ್ತಿಕೊಳ್ಳುವಂಥದ್ದು. ಡೇರಿಯ ಹೊಲಸು ನೀರು ಯಾವ ನಾಲೆಗೆ ಸೇರುತ್ತಿದೆಯೋ ಆ ನಾಲೆಯ ನೀರು ಹಾಕಿದರೆ ಬ್ಯಾಕ್ಟೀರಿಯಾ ಕೆಂಪಾಗಬೇಕು. ಎಪ್ರಿಲ್‌ನಿಂದ ಆಗಸ್ಟ್‌ವರೆಗೆ ನಾವು ಇದನ್ನು ಮಾಡಿದೆವು. ಆಗಸ್ಟ್ ಕೊನೆಗೆ ಕೆಂಪಾಯಿತು. ಚಹಾದ ಲೋಟದಷ್ಟು ಗಾಜಿನ ಪಾತ್ರೆಯಲ್ಲಿ ದಾಳಿಂಬೆ ರಸದಂಥ ಬಣ್ಣ. ಮೈಲಾರಲಿಂಗಪ್ಪ ಬಂದು ನೋಡಿ, “ಛಲೋ ಆತು. ಕುಡ್ಯಾಕ ಬರತೈತೇನು?” ಎಂದರು.

ಇಷ್ಟಕ್ಕೇ ಮುಗಿಯಲಿಲ್ಲ. ಸ್ಪರ್ಧೆಯಲ್ಲಿ ಒಂದು ನಿಯಮವಿತ್ತು. ನಿಮ್ಮ ಫಲಿತಾಂಶವನ್ನು ಇನ್ನೊಂದು ಕಾಲೇಜಿನ ತಂಡ ತನ್ನ ಜಾಗದಲ್ಲಿ, ಎರಡು ಬೇರೆ ಬೇರೆ ದಿನ ಮಾಡಿ ನೋಡಿ, ಆಗುತ್ತದೆ ಎಂದು ಸಹಿ ಹಾಕಬೇಕು. ಸಹಿಯಾದ ಕಾಗದ ಅಕ್ಟೋಬರ್ ಇಪ್ಪತ್ತರೊಳಗೆ ಮುಟ್ಟಬೇಕು. ಇಲ್ಲದಿದ್ದರೆ ಹೆಸರು ತೆಗೆಯುತ್ತಾರೆ. ಸರ್ ಅದನ್ನೇ ಹಿಡಿದುಕೊಂಡರು: “ಸಹಿ ಬಂದ್ರ ಅಂಕ, ಇಲ್ಲಂದ್ರ ಇಲ್ಲ.”

ಹೀಗೆ ಹುಬ್ಬಳ್ಳಿಯವರು ಬಂದರು. ಅಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನ ದುರ್ಗೇಶ ಮತ್ತು ಅಬೀದಾ ಅದೇ ಸ್ಪರ್ಧೆಗೆ ಬಣ್ಣ ಅಳೆಯುವ ಡಬ್ಬಿ ಮಾಡಿದ್ದರು. ಒಂದು ಕಡೆ ದೀಪ, ಇನ್ನೊಂದು ಕಡೆ ಬೆಳಕು ಅಳೆಯುವ ಕಣ್ಣು, ಮೇಲೆ ಅಂಕಿ. ಅವರ ಡಬ್ಬಿಗೆ ಬಣ್ಣ ಬೇಕಿತ್ತು, ನಮ್ಮ ಬಣ್ಣಕ್ಕೆ ಸಾಕ್ಷಿ ಬೇಕಿತ್ತು. ಅವರ ಡಬ್ಬಿಯನ್ನು ನಾವು ಎರಡು ದಿನ ಪರೀಕ್ಷಿಸಿ ಸೆಪ್ಟೆಂಬರ್ ಮೊದಲ ವಾರವೇ ಸಹಿ ಹಾಕಿಕೊಟ್ಟೆವು. ಅವರ ಕೆಲಸ ಮುಗಿಯಿತು. ನಮ್ಮದು ಶುರುವಾಯಿತು.

ವ್ಯವಸ್ಥೆ ಹೀಗಿತ್ತು. ಬ್ಯಾಕ್ಟೀರಿಯಾ ಬೆಳೆಯುವ ದ್ರಾವಣಕ್ಕೆ ನಾವು ಸಾರು ಎನ್ನುತ್ತಿದ್ದೆವು, ನೋಡಲು ಹಾಗೇ ಇತ್ತು. ಕ್ಯಾನಿನ ನೀರು ಕೊಂಡು ತಂದು ಮೈಲಾರಲಿಂಗಪ್ಪ ಸಾರು ಕಲಸಿ ಬಾಟಲಿಗೆ ತುಂಬಿ ಆಟೋಕ್ಲೇವ್‌ನಲ್ಲಿ ಇಡುತ್ತಿದ್ದರು. ಅರ್ಧ ಲೀಟರಿನ ಮೂರು ಕಂದು ಗಾಜಿನ ಬಾಟಲಿಗಳನ್ನು ಹುಬ್ಬಳ್ಳಿಗೆಂದೇ ಮೀಸಲಿಟ್ಟಿದ್ದೆವು. ನಮಗೆ ಬೇಕಾದ ಸಾರು ಬಿಳಿ ಗಾಜಿನ ಬಾಟಲಿಗಳಲ್ಲಿ ಇರುತ್ತಿತ್ತು, ಅವು ಎಂದೂ ಲ್ಯಾಬು ದಾಟಲಿಲ್ಲ. ಶನಿವಾರ ಮಧ್ಯಾಹ್ನ ನಾನು ಥರ್ಮಾಕೋಲ್ ಡಬ್ಬಿಯಲ್ಲಿ ಬ್ಯಾಕ್ಟೀರಿಯಾ, ಕೈಚೀಲದಲ್ಲಿ ಮೂರು ಬಾಟಲಿ ಹಿಡಿದು ಬಸ್ಸು ಹತ್ತುತ್ತಿದ್ದೆ. ಹುಬ್ಬಳ್ಳಿ ಹಳೇ ಬಸ್‌ಸ್ಟ್ಯಾಂಡಿನಲ್ಲಿ ದುರ್ಗೇಶ ಇಸಿದುಕೊಳ್ಳುತ್ತಿದ್ದ. ಅವರು ಒಂದೊಂದು ಬಾಟಲಿಯ ಸಾರನ್ನೂ ಸಣ್ಣ ಪಾತ್ರೆಗಳಿಗೆ ಬಗ್ಗಿಸಿ, ಬ್ಯಾಕ್ಟೀರಿಯಾ ಬಿಟ್ಟು, ಹಾಲಿನ ಸಕ್ಕರೆ ಹಾಕಿ, ಬೆಚ್ಚಗೆ ಇಟ್ಟು, ಭಾನುವಾರ ಬೆಳಿಗ್ಗೆ ನೋಡಿ ಫೋನ್ ಮಾಡುತ್ತಿದ್ದರು.

ಖಾಲಿ ಬಾಟಲಿ ತೊಳೆಯುವ ಕೆಲಸ ಅವರದು. ದುರ್ಗೇಶ ಇದ್ದದ್ದು ದುರ್ಗದಬೈಲ್ ಹಿಂದಿನ ಓಣಿಯಲ್ಲಿ, ದೊಡ್ಡವ್ವ ದಾನವ್ವನ ಮನೆಯಲ್ಲಿ. ಅವರ ಹಿತ್ತಲಲ್ಲಿ ಬಾವಿ ಇತ್ತು. ದಾನವ್ವ ಬಾಟಲಿ ತೊಳೆದು, ಕುದಿಯುವ ನೀರು ಹಾಕಿ ಗಲಬರಿಸಿ, ಬಿಸಿಲಿಗೆ ಒಣಗಿಸಿ, ಮುಚ್ಚಳ ಬಿಗಿದು ಕೊಡುತ್ತಿದ್ದಳು. ಬುಧವಾರ ಅಬೀದಾ ಧಾರವಾಡಕ್ಕೆ ಅಕ್ಕನ ಮನೆಗೆ ಬರುವಾಗ ಅವನ್ನು ತಂದು ಕೊಡುತ್ತಿದ್ದಳು. ಚೀಲದ ಮೇಲೆ ‘ತೊಳೆದದ್ದು’ ಎಂದು ಚೀಟಿ. ಮೈಲಾರಲಿಂಗಪ್ಪನಿಗೆ ಆ ಚೀಟಿ ಬಹಳ ಹಿಡಿಸಿತ್ತು. ಒಂದು ಹನಿ ನೀರು ಖರ್ಚಿಲ್ಲದೆ ಅವು ಮತ್ತೆ ತುಂಬುತ್ತಿದ್ದವು.

ಮೊದಲ ಶನಿವಾರ ಮೂರೂ ಕೆಂಪಾದವು. ದುರ್ಗೇಶ ಫೋನಿನಲ್ಲಿ, “ಒಂದ ದಿನದ್ದು ಆತ್ರಿ. ಇನ್ನೊಂದು ದಿನ ಮಾಡಿ ಸಹಿ ಹೊಡದ ಬಿಡ್ತೇವಿ” ಎಂದ.

ಎರಡನೇ ಶನಿವಾರ ಮೂರು ಬಾಟಲಿಯಲ್ಲಿ ಒಂದರ ಸಾರು ಮಾತ್ರ ಕೆಂಪಾಯಿತು. ಎರಡು ಆಗಲಿಲ್ಲ. ವಿದ್ಯಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮೂರನೇ ಶನಿವಾರ ಒಂದೂ ಆಗಲಿಲ್ಲ. ನಾಲ್ಕನೇ ಶನಿವಾರವೂ ಆಗಲಿಲ್ಲ. ಆಗ ಅವಳು ಹಿಂದಿನ ಪುಟ ತಿರುವಿ, ಎರಡನೇ ವಾರ ಕೆಂಪಾದ ಆ ಒಂದು ಬಾಟಲಿಯ ಮುಂದೆ ‘ಕೈತಪ್ಪು, ಪರಿಗಣಿಸಬಾರದು’ ಎಂದು ಗೆರೆ ಎಳೆದಳು.

ವಿಚಿತ್ರವೆಂದರೆ ಅದೇ ಬ್ಯಾಕ್ಟೀರಿಯಾ ಧಾರವಾಡದಲ್ಲಿ ಪ್ರತಿ ಸಲವೂ ಕೆಂಪಾಗುತ್ತಿತ್ತು.

ಫೋನ್ ಸ್ಪೀಕರಿನಲ್ಲಿಟ್ಟು ಜಗಳ ನಡೆಯುತ್ತಿತ್ತು.

“ನಿಮ್ಮ ಬ್ಯಾಕ್ಟೀರಿಯಾಕ್ಕ ಧಾರವಾಡ ಬಿಟ್ಟು ಬಂದ್ರ ಮಾನ ಹೋಗತೈತೇನ್ರಿ?” ಎಂದ ದುರ್ಗೇಶ.

“ನಿಮ್ಮ ಹುಬ್ಬಳ್ಳಿ ಧೂಳು ಕುಡದು ಸತ್ತಿರಬೇಕು” ಎಂದಳು ವಿದ್ಯಾ.

“ಸತ್ತಿಲ್ರಿ. ಭರ್ಜರಿ ಬೆಳದೈತಿ. ಕೆಲಸ ಮಾಡವಲ್ಲದು ಅಷ್ಟ. ನಮ್ಮ ಕಾಲೇಜಿನ ಆಫೀಸಿನವರಂಗ.”

ಬಸ್ಸಿನ ಸೆಕೆ ಇರಬಹುದೆಂದು ಡಬ್ಬಿಗೆ ಐಸು ತುಂಬಿದೆವು. ಅದು ಕರಗಿ ಪಕ್ಕದ ಸೀಟಿನ ಮುದುಕನ ಧೋತರ ತೋಯ್ದಿತು. ನವಲೂರಿನವರೆಗೆ ಅವನು ನನ್ನ ವಂಶ ವಿಚಾರಿಸಿದ. ಅಬೀದಾ ಮಾಡಿದ ಬೆಚ್ಚನೆಯ ಪೆಟ್ಟಿಗೆಯ ಮೇಲೆ ಅನುಮಾನ ಬಂತು. ಅದು ಮರದ ಪೆಟ್ಟಿಗೆ, ಒಳಗೆ ನಲವತ್ತು ಕ್ಯಾಂಡಲ್ಲಿನ ಬಲ್ಬು. ಐದನೇ ಶನಿವಾರ ಅದರ ಉಷ್ಣತೆ ಸರಿಪಡಿಸಲು ಹೋಗಿ ದುರ್ಗೇಶ ಥರ್ಮಾಮೀಟರ್ ಒಡೆದ. ಆ ವಾರವೂ ಬಣ್ಣ ಬರಲಿಲ್ಲ.

ಆರನೇ ಶನಿವಾರ, ಅಂದರೆ ಅಕ್ಟೋಬರ್ ಹನ್ನೊಂದು, ವಿದ್ಯಾ ತಾನೇ ಬಂದಳು. ಪ್ರತಿಯೊಂದನ್ನೂ ತನ್ನ ಕೈಯಾರೆ ಮಾಡಿದಳು. ಅವರಿಬ್ಬರನ್ನೂ ಎರಡು ಮಾರು ದೂರ ನಿಲ್ಲಿಸಿದಳು. ಅಬೀದಾ ಕುರ್ಚಿ ಎಳೆದುಕೊಂಡು ಕೂತು, “ಉಸರಾದ್ರೂ ಆಡಬಹುದೇನ್ರಿ?” ಎಂದಳು. ವಿದ್ಯಾ ಹಾಲಿನ ಸಕ್ಕರೆ ಅಳೆಯತೊಡಗಿದಳು. ಆ ದಿನ ಅವಳು ಅಬೀದಾಳ ಹಾಸ್ಟೆಲಿನಲ್ಲೇ ಉಳಿದಳು. ಬೆಳಿಗ್ಗೆ ನಾನು ಮತ್ತೆ ಬಸ್ಸು ಹಿಡಿದು ಬಂದಾಗ ಮೂವರೂ ಪೆಟ್ಟಿಗೆಯ ಮುಂದೆ ನಿಂತಿದ್ದರು. ಸಾರು ಮಜ್ಜಿಗೆಯ ಹಾಗೆ ಬೆಳ್ಳಗೆ ಕದಡಿತ್ತು. ಬ್ಯಾಕ್ಟೀರಿಯಾ ಹೊಟ್ಟೆ ತುಂಬ ತಿಂದು ಬೆಳೆದಿತ್ತು. ಕೆಂಪು ಮಾತ್ರ ಇರಲಿಲ್ಲ.

ನಾನೇ ಬಾಯಿ ತೆರೆದೆ. “ಮೊದಲನೇ ದಿನ ಆಗಿತ್ತಲ್ಲ. ಎರಡನೇ ದಿನಾನೂ ಆತು ಅಂತ ಸಹಿ ಹಾಕಿಬಿಡ್ರಿ. ಯಾರು ನೋಡಾಕ ಬರ್ತಾರ?”

ಅಬೀದಾ ನನ್ನನ್ನು ನೋಡಲಿಲ್ಲ, ವಿದ್ಯಾಳನ್ನು ನೋಡಿದಳು. “ಆಗಿದ್ದು ಆಗೇತಿ ಅಂತ ಬರೀತೇನಿ. ಆಗದ್ದನ್ನ ಹೆಂಗ ಬರೀಲಿ? ನೀವಾಗಿದ್ರ ಬರೀತಿದ್ರೇನು?”

“ಇಲ್ಲ” ಎಂದಳು ವಿದ್ಯಾ. ಚೀಲ ತೆಗೆದುಕೊಂಡು ಹೊರಟಳು. ಬಸ್ಸಿನಲ್ಲಿ ಒಂದೇ ಮಾತಾಡಿದಳು: “ಅಣಬಿಗೆ ಈಗ ಹೊಟ್ಟು ಹಾಕಿದ್ರ ಯಾವಾಗ ಬರ್ತಾವ?” ನಾನು ಲೆಕ್ಕ ಹಾಕಿ ಹೇಳಿದೆ. ಒಪ್ಪಿಸುವ ದಿನಕ್ಕೆ ಬರುವುದಿಲ್ಲ.

ಬುಧವಾರ ಅಬೀದಾ ಬರಲಿಲ್ಲ. ಅವಳಿಗೆ ಟೆಸ್ಟ್ ಇತ್ತು, ಅಥವಾ ಸಿಟ್ಟಿತ್ತು. ಉಳಿದದ್ದು ಒಂದೇ ಶನಿವಾರ. ಮರುದಿನ ಖಾಲಿ ಬಾಟಲಿ ತರಲು ವಿದ್ಯಾ ನನ್ನನ್ನೇ ಅಟ್ಟಿದಳು. ದುರ್ಗೇಶ ಕಾಲೇಜಿನಲ್ಲಿದ್ದ. ಫೋನಿನಲ್ಲಿ ಓಣಿಯ ಗುರುತು ಹೇಳಿ, “ಮನ್ಯಾಗ ದೊಡ್ಡವ್ವ ಇರ್ತಾಳ, ಹೋಗಿ ಇಸ್ಕೋ” ಎಂದ.

ನಮ್ಮೂರು ಧಾರವಾಡದ ಹತ್ತಿರದ ಹೆಬ್ಬಳ್ಳಿ. ದಿನಾ ಬೆಳಗಿನ ಬಸ್ಸಿಗೆ ಅವ್ವ ನನಗೆ ಬುತ್ತಿ ಕಳಿಸುತ್ತಿದ್ದಳು, ಕಂಡಕ್ಟರ್ ತಂದು ಕೊಡುತ್ತಿದ್ದ. ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ನಾನು ವಾಪಸ್ ಹಾಕುತ್ತಿದ್ದೆ. ಆ ದಿನ ಬುತ್ತಿ ಬಿಚ್ಚಲು ಹೊತ್ತಿರಲಿಲ್ಲ. ಡಬ್ಬಿ ಚೀಲದಲ್ಲೇ ಇತ್ತು.

ದುರ್ಗದಬೈಲ್‌ನ ಗದ್ದಲ ದಾಟಿ ಓಣಿಗೆ ಹೊಕ್ಕರೆ ಮೂರನೇ ಮನೆ. ಮುಂದಿನ ಪಡಸಾಲೆಯೇ ಅಂಗಡಿ. ಬೆಲ್ಲದ ಪೆಂಟೆ, ಒಣಕೊಬ್ಬರಿ, ಒಂದು ತಕ್ಕಡಿ. ದಾನವ್ವ ಅಲ್ಲೇ ಕೂತಿದ್ದಳು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು.

“ನಮ್ಮ ದುರ್ಗ್ಯಾನ ಜೋಡಿ ಬಾಟ್ಲಿ ಆಟ ಆಡಾವ ನೀನ ಏನು?” ಎಂದಳು.

“ಹೌದ್ರಿ.”

“ಹೆಸರೇನು?”

“ಶಂಭುಲಿಂಗ.”

“ಊಟಾ ಆತೇನು ಶಂಭು?”

“ಬುತ್ತಿ ಐತ್ರಿ, ಬಸ್ಸಿನಾಗ ತಿಂತೇನಿ.”

“ಬಸ್ಸಿನಾಗ ತಿನ್ನಾಕ ನೀ ಏನ್ ಕಂಡಕ್ಟರ್ ಏನು? ಕೈ ತೊಳಕೋ.”

ಒಳಗೆ ಕೂರಿಸಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ನನ್ನ ಡಬ್ಬಿಯನ್ನು ಬಿಚ್ಚಿ ಅದರಲ್ಲಿದ್ದ ಚಪಾತಿಯನ್ನೂ ನನ್ನ ತಾಟಿಗೇ ಹಾಕಿದಳು. “ತಾಯಿ ಮಾಡಿದ್ದು ಕೆಡಸಬಾರದು” ಎಂದಳು. ನಾನು ತಿನ್ನುತ್ತಿರುವಾಗ ಡಬ್ಬಿ ಹಿತ್ತಲಿಗೆ ಒಯ್ದು ತೊಳೆದು ತಂದಳು. ಒಣ ಬಟ್ಟೆಯಿಂದ ಒರೆಸಿದಳು. ಅಂಗಡಿಗೆ ಹೋಗಿ ಪೆಂಟೆಯಿಂದ ನೆಲ್ಲಿಕಾಯಿಯಷ್ಟು ಬೆಲ್ಲ ಮುರಿದು ತಂದು ಡಬ್ಬಿಯೊಳಗೆ ಹಾಕಿ ಮುಚ್ಚಿದಳು.

“ಅದ್ಯಾಕ್ರಿ?” ಎಂದೆ.

“ಯಾಕಂದ್ರ? ಮಂದಿ ಮನಿ ಡಬ್ಬಿ ಖಾಲಿ ಕಳಸ್ತಾರೇನು? ನೀ ನಿಮ್ಮವ್ವಗ ಖಾಲಿ ಕಳಸ್ತಿ?”

“ಹೌದ್ರಿ.”

“ತೊಳದರ ಕಳಸ್ತಿ ಏನು?”

ನಾನು ರೊಟ್ಟಿ ಮುರಿದೆ.

“ನೋಡವಾ ಇವನ್ನ. ದೊಡ್ಡ ಸಾಲಿ ಕಲ್ಯಾಕತ್ತಾನ” ಎಂದು ಗೋಡೆಗೆ ಹೇಳಿದಳು. ಆಮೇಲೆ ಕಿಟಕಿಯಲ್ಲಿಟ್ಟಿದ್ದ ಮೂರು ಕಂದು ಬಾಟಲಿ ತೆಗೆದು ಚೀಲಕ್ಕೆ ಇಳಿಸುತ್ತ ಅಂದಳು: “ನಿಮ್ಮ ಸಾಲಿ ಬಾಟ್ಲಿ ಸುದ್ದಾ ನಾ ಒಂದ ವಾರನೂ ಖಾಲಿ ಕಳಿಸಿಲ್ಲ.”

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಎದ್ದು ಹೋಗಿ ಎಡಗೈಯಿಂದ ಒಂದು ಬಾಟಲಿ ಎತ್ತಿ ಬಾಗಿಲ ಬೆಳಕಿಗೆ ಹಿಡಿದೆ. ಕಂದು ಗಾಜಿನ ಹಿಂದೆ ಕಂದು ಬೆಲ್ಲ, ಏನೂ ಕಾಣಲಿಲ್ಲ. ಅಲುಗಾಡಿಸಿದೆ. ತಳದಲ್ಲಿ ಟಕ್ ಎಂದಿತು.

“ಮೂರಕ್ಕೂ ಹಾಕೀರೇನ್ರಿ?”

“ಮತ್ತ? ಒಂದಕ್ಕ ಹಾಕಿ ಎರಡಕ್ಕ ಬಿಡಾಕ ಅವೇನು ಮಲತಾಯಿ ಮಕ್ಕಳೇನು? ಕುಂದ್ರು, ಊಟಾ ಮುಗಸು.”

ಊಟ ಮುಗಿಸಿದೆ. ಎರಡನೇ ವರ್ಷದ ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ನಾವೆಲ್ಲ ಬರೆದ ಪ್ರಶ್ನೆ ಅದು. ಈ ಬ್ಯಾಕ್ಟೀರಿಯಾದ ಮುಂದೆ ಎರಡು ಬಗೆಯ ಸಕ್ಕರೆ ಇಟ್ಟರೆ ಅದು ಸುಲಭದ್ದನ್ನು ಮೊದಲು ತಿನ್ನುತ್ತದೆ. ಬೆಲ್ಲದಲ್ಲಿರುವ ಗ್ಲುಕೋಸ್ ಮುಗಿಯುವವರೆಗೆ ಹಾಲಿನ ಸಕ್ಕರೆಯ ಕಡೆ ತಿರುಗಿಯೂ ನೋಡುವುದಿಲ್ಲ. ನೋಡದಿದ್ದರೆ ಸ್ವಿಚ್ ಹೊತ್ತುವುದಿಲ್ಲ, ಕೆಂಪಿಲ್ಲ. ನಾನು ಆ ಪ್ರಶ್ನೆಗೆ ಒಂಬತ್ತು ಅಂಕ ಪಡೆದಿದ್ದೆ. ವಿದ್ಯಾ ಹತ್ತು.

ಅಂಗಡಿಯ ಕಟ್ಟೆಯ ಮೇಲೆ ನಿಂತು ವಿದ್ಯಾಗೆ ಫೋನ್ ಮಾಡಿದೆ. ಹೇಳಿದ್ದನ್ನು ಅವಳು ಪೂರ್ತಿ ಕೇಳಿಸಿಕೊಂಡಳು. ಬೈಯುತ್ತಾಳೆ ಎಂದುಕೊಂಡೆ.

“ಎಷ್ಟು ದೊಡ್ಡದು?” ಎಂದಳು.

“ನೆಲ್ಲಿಕಾಯಿಯಷ್ಟು.”

“ನೆಲ್ಲಿಕಾಯಿ ಅಂದ್ರ ಎಷ್ಟು ಗ್ರಾಂ?”

ಬಾಟಲಿಗಳ ಬೆಲ್ಲ ಸುರಿದುಕೊಂಡು ದಾನವ್ವ ತಕ್ಕಡಿ ಹಿಡಿದಳು. ಮೂರೂ ಕೂಡಿ ಮೂವತ್ತೊಂದು ಗ್ರಾಂ. “ನಾ ಅಳತಿ ಇಲ್ಲದ ಹಾಕಾಂಗಿಲ್ಲ” ಎಂದಳು. ಅದು ನಿಜವೂ ಇತ್ತು. ನಮ್ಮ ಪೈಪೆಟ್ಟಿಗಿಂತ ಅವಳ ಬೆರಳು ಹೆಚ್ಚು ಏಕರೂಪವಾಗಿತ್ತು.

ನಾನು ವಿಷಯ ಹೇಳಿದಾಗ ದಾನವ್ವ ಗಾಬರಿಯಾಗಲಿಲ್ಲ. “ಬೆಲ್ಲ ಕಂಡ್ರ ಹಾಲಿನ ಕಡೆ ನೋಡಾಂಗಿಲ್ಲಂದ್ರ ನಿಮ್ಮ ಹುಳಕ್ಕ ಬುದ್ಧಿ ಐತಿ. ಇದು ಮಹಾಲಿಂಗಪುರದ ಬೆಲ್ಲ” ಎಂದಳು. ಖಾಲಿ ಕಳಿಸುವ ಮಾತಿಗೆ ಮಾತ್ರ ಒಪ್ಪಲಿಲ್ಲ. ಬಹಳ ಹೇಳಿದ ಮೇಲೆ ತೂಗಿದ ಬೆಲ್ಲವನ್ನು ಬಾಟಲಿಗೆ ಹಾಕದೆ ಪೇಪರಿನಲ್ಲಿ ಸುತ್ತಿ ಚೀಲದ ಹಿಡಿಕೆಗೆ ಕಟ್ಟಿದಳು. “ಇದನ್ನ ನಿಮ್ಮ ಹುಡುಗಿ ಕೈಯಾಗ ಕೊಡು. ಬಾಟ್ಲಿ ತೊಳಸಿಕೊಂಡು ಒಂದ ದಿನಾ ಮಾರಿ ತೋರಿಸಿಲ್ಲ ಆಕಿ.”

ಧಾರವಾಡಕ್ಕೆ ಬಂದಾಗ ನಾಲ್ಕು ಗಂಟೆ. ಒಂದು ಪ್ರಶ್ನೆ ಉಳಿದಿತ್ತು. ದಾನವ್ವ ಹಾಕಿದಳು, ಸರಿ. ಸಾರು ತುಂಬುವವರಿಗೆ ಕಾಣಲಿಲ್ಲವೇ? ವಿದ್ಯಾ ಮೈಲಾರಲಿಂಗಪ್ಪನನ್ನು ಹುಡುಕಿದಳು. ಅವರು ಡ್ರಮ್ಮಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು.

“ಕಾಕಾ, ಹುಬ್ಬಳ್ಳಿಯಿಂದ ಬರೋ ಬಾಟ್ಲ್ಯಾಗ ಬೆಲ್ಲ ಇರತಿತ್ತೇನ್ರಿ?”

“ಇರತಿತ್ತವಾ.”

“ನಿಮಗ ಗೊತ್ತಿತ್ತೇನ್ರಿ?”

“ಮುಚ್ಚಳಾ ತಗದ್ರ ವಾಸನಿ ಬರತೈತಲ್ಲ. ಛಲೋ ಬೆಲ್ಲ.”

“ಮತ್ತ ಯಾಕ್ರಿ ಹೇಳಲಿಲ್ಲ?”

ಮೈಲಾರಲಿಂಗಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಏನ್ ಹೇಳಬೇಕಿತ್ತವಾ? ಮನಿಯಿಂದ ಬಂದ ಬಾಟ್ಲಿ, ಖಾಲಿ ಕಳಸಬಾರದಂತ ಹಾಕ್ಯಾರ. ಅವರ ಮನ್ಯಾಗ ಹಿರೇರು ಅದಾರಂತ ತಿಳಕೊಂಡೆ.”

“ತಗದು ಹಾಕಬೇಕಿತ್ತಲ್ರಿ.”

“ತಗದಿದ್ದೆ. ಮೊದಲನೇ ಸಲ ಬಂದಾಗ ಚಿಮಟದಾಗ ಒಂದು ತಗದು ಬಾಯಾಗ ಹಾಕ್ಕೊಂಡೆ. ಅಷ್ಟ್ರಾಗ ನೀ ಬಂದಿ. ಲ್ಯಾಬಿನಾಗ ತಿಂತೀರೇನ್ರಿ ಕಾಕಾ, ಹುಳಾ ಹೊಟ್ಟಿಗೆ ಹೋಗ್ತಾವು ಅಂತ ಅಂದಿ. ಮರದಿನಾ ಅದನ್ನ ಹಚ್ಚಿದಿ.” ಗೋಡೆಯ ಕಡೆ ಕೈ ಮಾಡಿದರು. ವಿದ್ಯಾಳ ಕೈಬರಹದ ಬೋರ್ಡು: ‘ಪ್ರಯೋಗಾಲಯದಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು.’ “ತಿನ್ನಂಗಿಲ್ಲ. ಒಬ್ಬರ ಮನಿಯಿಂದ ಬಂದದ್ದು ಚೆಲ್ಲಾಂಗಿಲ್ಲ. ಅಲ್ಲೇ ಇರಲಿ ಅಂತ ಮ್ಯಾಲ ಸಾರು ಹೊಯ್ದೆ. ಸಾರಿಗೆ ಒಂದು ತುಣುಕು ಬೆಲ್ಲ ಬಿದ್ರ ಕೆಡತೈತೇನು?”

ವಿದ್ಯಾ ಬೋರ್ಡನ್ನು ನೋಡಿದಳು. ಆಮೇಲೆ ನೋಟ್‌ಬುಕ್ ತೆರೆದು ಎರಡನೇ ವಾರದ ಪುಟ ಹುಡುಕಿದಳು. ಮೂರರಲ್ಲಿ ಒಂದು ಕೆಂಪು. ಮೈಲಾರಲಿಂಗಪ್ಪ ತಿಂದ ಬೆಲ್ಲದ ಬಾಟಲಿ. ಐದು ವಾರಗಳಲ್ಲಿ ಸರಿ ಬಂದದ್ದು ಅದೊಂದೇ, ಅದರ ಮುಂದೆಯೇ ‘ಕೈತಪ್ಪು’ ಎಂದು ಬರೆದಿದ್ದಳು. ಅವಳಿಗೆ ನಗು ಬಂತು. ವಿದ್ಯಾ ನಗುವುದನ್ನು ನಾನು ಎಪ್ರಿಲ್‌ನಿಂದ ಆ ದಿನದವರೆಗೆ ಎರಡು ಸಲ ನೋಡಿದ್ದೆ. ಇದು ಮೂರನೆಯದು, ಮತ್ತು ಬೇಗ ನಿಲ್ಲಲಿಲ್ಲ. ಅವಳ ನಗು ನೋಡಿ ಮೈಲಾರಲಿಂಗಪ್ಪನೂ ಕಾರಣ ತಿಳಿಯದೆ ನಕ್ಕರು.

“ಕಾಕಾ, ಇವತ್ತ ಬಾಟ್ಲಿ ತೊಳ್ಯಾಕ ಡ್ರಮ್ಮಿನ ನೀರು ಬೇಕ್ರಿ” ಎಂದಳು.

“ಶುಕ್ರವಾರ…” ಎಂದು ಶುರು ಮಾಡಿದವರು ಅವಳ ಮುಖ ನೋಡಿ ಮುಚ್ಚಳ ತೆಗೆದರು. “ಎರಡ ತಂಬಿಗಿ” ಎಂದರು. ಮೂರು ಹೋಯಿತು.

ಶನಿವಾರ ನಾವಿಬ್ಬರೂ ಹುಬ್ಬಳ್ಳಿಗೆ ಹೋದೆವು. ವಿದ್ಯಾ ದಾನವ್ವನ ಬೆಲ್ಲವನ್ನೂ ತಂದಿದ್ದಳು. ಅವಳ ಯೋಚನೆ ಬೇರೆಯಾಗಿತ್ತು. ಪ್ರತಿ ಬಾಟಲಿಯ ಸಾರಿನಿಂದ ಎರಡು ಪಾತ್ರೆ ತುಂಬುವುದು. ಒಂದಕ್ಕೆ ಹಾಲಿನ ಸಕ್ಕರೆ ಮಾತ್ರ. ಇನ್ನೊಂದಕ್ಕೆ ಹಾಲಿನ ಸಕ್ಕರೆಯ ಜೊತೆ, ದಾನವ್ವನ ಅಳತೆಯ ಲೆಕ್ಕದಲ್ಲಿ, ಬೆಲ್ಲ.

“ಮೊನ್ನೆ ನಮ್ಮನ್ನ ಎರಡು ಮಾರು ದೂರ ನಿಂದರಿಸಿದ್ರಿ” ಎಂದ ದುರ್ಗೇಶ.

“ಇವತ್ತ ನಾವು ನಿಂದರ್ತೇವಿ. ನೀವ ಮಾಡ್ರಿ” ಎಂದಳು ವಿದ್ಯಾ. ಖರೇ ಹೋಗಿ ಬಾಗಿಲ ಹತ್ತಿರ ನಿಂತಳು.

ಅಬೀದಾ ಬಾಟಲಿ ಎತ್ತಿ ಮುಚ್ಚಳ ತೆಗೆದು ಮೂಸಿ ನೋಡಿದಳು. “ಐದು ವಾರ ನಾನ ಇವನ್ನ ಹೊತಗೊಂಡು ಬಂದೇನಿ. ಟಕ್ ಟಕ್ ಅಂತಿದ್ದವು. ಮುಚ್ಚಳದ್ದು ಅಂದ್ಕೊಂಡಿದ್ದೆ.”

“ನಮ್ಮ ದೊಡ್ಡವ್ವ ದಿನಾ ನನ್ನ ಡಬ್ಬಿಗೂ ಹಾಕತಾಳ” ಎಂದ ದುರ್ಗೇಶ. “ಅದನ್ನ ದಿನಾ ನೀನ ತಿಂತಿ.”

“ಅದು ಸ್ಯಾಂಪಲ್ಲು” ಎಂದಳು ಅಬೀದಾ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಪೆಟ್ಟಿಗೆ ತೆರೆದೆವು. ನಡುವೆ ಎರಡು ತಾಸು ಕರೆಂಟ್ ಹೋಗಿತ್ತು. ಅಬೀದಾ ಪಾತ್ರೆಗಳನ್ನು ಒಂದೊಂದಾಗಿ ಹೊರಗಿಟ್ಟಳು. ಆರು ಪಾತ್ರೆ. ಬೆಲ್ಲವಿಲ್ಲದ ಮೂರು ಕೆಂಪು. ಬೆಲ್ಲ ಹಾಕಿದ ಮೂರು ಮಜ್ಜಿಗೆ. ದುರ್ಗೇಶ ಒಂದೊಂದನ್ನೂ ತನ್ನ ಡಬ್ಬಿಯಲ್ಲಿಟ್ಟು ಅಂಕಿ ಓದಿದ, ಅಬೀದಾ ಬರೆದುಕೊಂಡಳು. ಎರಡು ಸಲ ಓದಿಸಿದಳು. ಆಮೇಲೆ ಚೀಲದಿಂದ ಆ ಕಾಗದ ತೆಗೆದು, ಆರು ವಾರದಿಂದ ಖಾಲಿ ಇದ್ದ ಜಾಗದಲ್ಲಿ ಸಹಿ ಹಾಕಿದಳು. ದುರ್ಗೇಶನೂ ಹಾಕಿದ. ವಿದ್ಯಾ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮತ್ತೆ ಬಿಚ್ಚಿ ನೋಡಿದಳು.

ಅಲ್ಲಿಂದ ನಾಲ್ವರೂ ದಾನವ್ವನ ಮನೆಗೆ ಹೋದೆವು, ಯಾಕೆಂದರೆ ಬರಲೇಬೇಕೆಂದು ಅವಳು ಹೇಳಿಕಳಿಸಿದ್ದಳು. ವಿದ್ಯಾಳನ್ನು ಮೇಲಿಂದ ಕೆಳಗೆ ನೋಡಿ, “ಇಷ್ಟ ಇದ್ದೀ ಏನು? ಫೋನಿನಾಗ ಬೈಯೂದು ಕೇಳಿ ದೊಡ್ಡಾಕಿ ಇರಬೇಕಂದಿದ್ದೆ” ಎಂದಳು. ವಿದ್ಯಾ ಮೂರು ರೊಟ್ಟಿ ತಿಂದಳು. ಸೋಮವಾರ ಸೈಬರ್ ಕೆಫೆಯಲ್ಲಿ ಕಾಗದ ಸ್ಕ್ಯಾನ್ ಮಾಡಿಸಿ ಕಳಿಸಿದೆವು. ಹೋಗಿ ಮುಟ್ಟಿತು.

ಸ್ಪರ್ಧೆಯಲ್ಲಿ ಹನ್ನೊಂದು ತಂಡಗಳಲ್ಲಿ ನಾವು ಏಳನೆಯವರಾದೆವು, ಹುಬ್ಬಳ್ಳಿಯವರು ಐದನೆಯವರು. ತೀರ್ಪುಗಾರರು ನಮ್ಮ ವರದಿಯಲ್ಲಿ ಹೊಗಳಿದ್ದು ಒಂದೇ ಪುಟ, ಬೆಲ್ಲದ್ದು. ಅದರ ಕೆಳಗೆ ದಾನವ್ವ ಮತ್ತು ಮೈಲಾರಲಿಂಗಪ್ಪ ಇಬ್ಬರ ಹೆಸರೂ ಇದ್ದವು. ಪ್ರಾಜೆಕ್ಟ್‌ಗೆ ಸರ್ ವಿದ್ಯಾಗೆ ಎಂಬತ್ತೆರಡು ಕೊಟ್ಟರು. ಅಣಬೆಯವರಿಗೆ ಎಂಬತ್ನಾಲ್ಕು. ಲ್ಯಾಬಿನ ಬೋರ್ಡಿನಲ್ಲಿ ವಿದ್ಯಾ ಒಂದು ಸಾಲು ಸೇರಿಸಿದಳು: ‘ಬಾಟಲಿಯಲ್ಲಿ ಏನಾದರೂ ಕಂಡರೆ ಹೇಳಬೇಕು.’ ಮೈಲಾರಲಿಂಗಪ್ಪ ಅದನ್ನು ಓದಿ, ಮರುದಿನದಿಂದ ಬಾಟಲಿಯಲ್ಲಿ ಕಂಡ ಇರುವೆ, ಕೂದಲು, ನೀರಿನ ಕಲೆ ಎಲ್ಲವನ್ನೂ ದಿನಕ್ಕೆ ಹತ್ತು ಸಲ ಬಂದು ಹೇಳತೊಡಗಿದರು.

ವರದಿಯ ಕೊನೆಗೆ ವ್ಯರ್ಥವಾದ ಸಾಮಗ್ರಿಯ ಪಟ್ಟಿ ಕೊಡಬೇಕಿತ್ತು. ಅದನ್ನು ನಾನು ಬರೆದೆ. ಐದು ಶನಿವಾರ. ಹದಿನಾಲ್ಕು ಬಾಟಲಿ ಸಾರು. ಒಂದು ಥರ್ಮಾಮೀಟರ್. ಬೆಲ್ಲ, ಸುಮಾರು ನೂರಾ ನಲವತ್ತೈದು ಗ್ರಾಂ. ಮೈಲಾರಲಿಂಗಪ್ಪ ತಿಂದ ತುಣುಕನ್ನು ಇದರಲ್ಲಿ ಸೇರಿಸಿಲ್ಲ.